ಜಟ್ಟೆಪ್ಪನ ಹಳ್ಳ

ಪುಣೆಯ ಖರಾಡಿಯಲ್ಲಿ ಒಂದು ಗಾಜಿನ ಕಟ್ಟಡದ ಮೇಲಿನ ಮಹಡಿಯಲ್ಲಿ ಕೂತು ನಾನು ಹಳ್ಳಗಳನ್ನು ಹುಡುಕುತ್ತೇನೆ. ನಗಬೇಡಿ, ಇದಕ್ಕೆ ಸಂಬಳ ಕೊಡುತ್ತಾರೆ. ಕಂಪ್ಯೂಟರಿನ ತೆರೆಯ ಮೇಲೆ ಆಕಾಶದಿಂದ ತೆಗೆದ ಚಿತ್ರ ಹಾಸಿ, ಹಳ್ಳ ಇದ್ದಲ್ಲಿ ನೀಲಿ ಗೆರೆ ಎಳೆಯುವುದು, ಜೌಗು ಇದ್ದಲ್ಲಿ ಹುಲ್ಲಿನ ಗುರುತು ಹಾಕುವುದು ನನ್ನ ಕಸುಬು. ಕಾಲಿಗೆ ಕೆಸರು ಹತ್ತಿ ಎಷ್ಟು ಕಾಲವಾಯಿತೋ ನೆನಪಿಲ್ಲ. ಮಳೆಗಾಲದಲ್ಲಿ ನಮ್ಮ ಆಫೀಸಿನ ಗೇಟಿನ ಮುಂದೆಯೇ ಮೊಣಕಾಲುದ್ದ ನೀರು ನಿಲ್ಲುತ್ತದೆ. ಆಗ ಸುತ್ತಲಿನ ನೀರಿನ ಜಾಡೆಲ್ಲ ಬಲ್ಲ ನಾನು ಪ್ಯಾಂಟು ಮಡಚಿಕೊಂಡು, ಇದೆಲ್ಲಿಂದ ಬಂತಪ್ಪ ಎಂದು ವಾಚಮನ್‌ನನ್ನು ಕೇಳುತ್ತೇನೆ.

ನನ್ನ ಹೆಸರು ಮನೋಹರ. ನಮ್ಮ ಹಿರಿಯರು ಕಲಬುರಗಿ ಜಿಲ್ಲೆಯ ಅಫಜಲಪುರದ ಕಡೆಯವರು. ಅಪ್ಪ ಜಟ್ಟೆಪ್ಪ ಗೌಂಡಿ ಕೆಲಸಕ್ಕೆಂದು ಅವ್ವನನ್ನು ಕಟ್ಟಿಕೊಂಡು ಸ್ವಾರಗೇಟಿನಲ್ಲಿ ಬಸ್ಸಿಳಿದವನು ಮತ್ತೆ ಊರಿಗೆ ಹೋಗಿದ್ದು ಬರೀ ಮದುವೆ, ಮಣ್ಣಿಗೆ. ಅವನ ಹಿಂದೆ ತಮ್ಮ ಬಂದ, ತಮ್ಮನ ಹಿಂದೆ ಭಾವಮೈದುನರು ಬಂದರು, ಕಡೆಗೆ ಅರ್ಧ ಊರೇ ಬಂದು ಖರಾಡಿಯ ಅಂಚಿನಲ್ಲಿ ಒಂದು ಹಳ್ಳದ ದಂಡೆಗೆ ತಗಡಿನ ಮನೆ ಹಾಕಿತು. ನಾನು ಹುಟ್ಟಿದ್ದು ಅಲ್ಲೇ. ಈಗ ಹೆಂಡತಿ ಶಿವಕಾಂತಾಳ ಜೊತೆ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೇನೆ. ಅಪ್ಪ ತೀರಿಕೊಂಡ ಮೇಲೂ ಅವ್ವ ಮಾತ್ರ ಆ ತಗಡಿನ ಮನೆಗಳ ವಸ್ತಿ ಬಿಟ್ಟು ಬರುವುದಿಲ್ಲ. ಫ್ಲ್ಯಾಟಿನಲ್ಲಿ ಮಾತಾಡಲು ಜನ ಇಲ್ಲ, ಲಿಫ್ಟಿನಲ್ಲಿ ಸಿಕ್ಕವರೂ ಮೊಬೈಲ್ ನೋಡುತ್ತಾರೆ ಎನ್ನುವುದು ಅವಳ ದೂರು.

ನಮ್ಮ ಕಂಪನಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಪುಣೆಯ ಸುತ್ತಲ ಹಳ್ಳ, ಕೆರೆ, ಜೌಗುಗಳದ್ದೆಲ್ಲ ಸೇರಿಸಿ ಒಂದೇ ನಕಾಶೆ ಮಾಡಬೇಕು. ಅಲ್ಲಿಯವರೆಗೆ ಒಂದೊಂದು ಇಲಾಖೆಗೆ ಒಂದೊಂದು ನಕಾಶೆ ಇತ್ತು. ಒಂದರಲ್ಲಿ ನಾಲಾ ಎಂದಿದ್ದದ್ದು ಇನ್ನೊಂದರಲ್ಲಿ ಓಢಾ, ಮತ್ತೊಂದರಲ್ಲಿ ರಸ್ತೆ. ದೇಹೂ ರೋಡಿನ ಕಡೆ ಒಂದು ಹಳ್ಳ ಮಿಲಿಟರಿಯವರ ಬೇಲಿಯ ತನಕ ಬಂದು ಮಾಯವಾಗಿ, ಆಚೆ ಬೇಲಿಯ ಹೊರಗೆ ಬೇರೆ ಹೆಸರಿನಲ್ಲಿ ಹುಟ್ಟುತ್ತಿತ್ತು. ಎಲ್ಲಕ್ಕೂ ಒಂದೇ ಗುರುತು, ಒಂದೇ ಅಳತೆ, ಒಂದೇ ಹೆಸರು ಕೊಡಬೇಕೆಂದು ಸಭೆಗಳ ಮೇಲೆ ಸಭೆ ನಡೆದವು. ನೀರು ಎಷ್ಟು ದಿನ ನಿಂತರೆ ಅದಕ್ಕೆ ಜೌಗು ಎನ್ನಬೇಕು ಎಂಬುದೊಂದಕ್ಕೇ ಒಂದಿಡೀ ಮಧ್ಯಾಹ್ನ ಹೋಯಿತು. ಕಡೆಗೆ ಹಿರಿಯರೊಬ್ಬರು ಬೇಸತ್ತು, ಕಾರು ಸಿಕ್ಕಿಬಿದ್ದರೆ ಗುಂಡಿ, ಕೊಕ್ಕರೆ ಕೂತರೆ ಜೌಗು ಎಂದು ಬರೆದುಕೊಳ್ಳಿ, ಊಟಕ್ಕೆ ಹೋಗೋಣ ಎಂದರು. ಆ ದಿನದ ಮಟ್ಟಿಗೆ ಅದಕ್ಕಿಂತ ಬುದ್ಧಿಯ ಮಾತನ್ನು ಯಾರೂ ಆಡಲಿಲ್ಲ.

ಹೆಸರುಗಳ ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸರ್ಕಾರಿ ದಾಖಲೆಯಲ್ಲಿ ಹೆಸರಿಲ್ಲದ ಹಳ್ಳಗಳಿಗೆ ಏನು ಮಾಡಬೇಕು? ನಾನು ಬಹಳ ಯೋಚಿಸಿದವನಂತೆ ಗಲ್ಲಕ್ಕೆ ಕೈ ಹಚ್ಚಿ ಕೂತು ಬರೆದೆ: ಆ ನೀರನ್ನು ಬಳಸುವವರನ್ನೇ ಕೇಳಬೇಕು, ಅಂದರೆ ದಂಡೆಯ ಮನೆಗಳ ಹೆಂಗಸರನ್ನು. ಹೆಚ್ಚು ಜನ ಯಾವ ಹೆಸರು ಹೇಳುತ್ತಾರೋ ಅದೇ ಹೆಸರು. ಯಾರೂ ಹೇಳದಿದ್ದರೆ ಬರೀ ನಂಬರು. ಯಾವ ನೌಕರನೂ ತನ್ನ ಬಳಗ ಇರುವ ಜಾಗಕ್ಕೆ ಕೇಳಲು ಹೋಗಬಾರದು, ಸಾಕ್ಷಿಯನ್ನೂ ಹೇಳಬಾರದು. ಸಭೆಯಲ್ಲಿ ಇದನ್ನು ಓದಿದಾಗ ಮೇಲಧಿಕಾರಿ ನೀತಾ ಮೇಡಂ ಬಹಳ ಚೆನ್ನಾಗಿದೆ ಎಂದರು. ಒಂದು ವಾರ ನನ್ನ ನಡಿಗೆಯೇ ಬದಲಾಗಿತ್ತು ಎಂದು ಶಿವಕಾಂತಾ ಹೇಳುತ್ತಾಳೆ.

ನಡಿಗೆಯ ಜೊತೆ ನಾಲಿಗೆಯೂ ಸಡಿಲಾಗಿತ್ತು. ರವಿವಾರ ವಸ್ತಿಗೆ ಹೋದಾಗ ಅವ್ವನ ಮುಂದೆ ನಕಾಶೆಯ ವಿಷಯ ಕೊಚ್ಚಿಕೊಂಡೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ಅದರಾಗ ನಮ್ಮ ಹಳ್ಳಾನೂ ಬರ್ತದೇನು?"

"ಬರ್ತದಲ್ಲ ಮತ್ತ. ಎಲ್ಲಾ ಬರ್ತಾವ."

"ಹೆಸರು ಹಾಕ್ತಾರ?"

"ಹಾಕ್ತಾರ."

"ಹಂಗಾದ್ರ ಅದರ ಹೆಸರು ಹಾಕಸು, ಮನೋಹರ. ನಿಮ್ಮಪ್ಪಾರು ಇಡೀ ಪುಣೇದಾಗ ಮಂದೀ ಮನೀ ಕಟ್ಟಿದ್ರು. ಒಂದು ಗ್ವಾಡೀ ಮ್ಯಾಲಾದ್ರೂ ಅವರ ಹೆಸರು ಅದ ಏನು? ಇದೊಂದರೆ ಇರಲಿ."

ಕೊಚ್ಚಿಕೊಂಡದ್ದು ತಪ್ಪಾಯಿತು ಅನ್ನಿಸಿತು. ಏಕೆಂದರೆ ನಮ್ಮ ಹಳ್ಳದ ಹೆಸರು ಜಟ್ಟೆಪ್ಪನ ಹಳ್ಳ, ಮತ್ತು ಆ ಹೆಸರು ಹೇಗೆ ಬಂತೆಂಬುದು ನನಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದೆ ಅನ್ನುವುದು ಸರಿ.

ಕಥೆ ಇಷ್ಟು. ಅಪ್ಪ ಬಂದ ಮೊದಲ ಮಳೆಗಾಲದಲ್ಲಿ ಮನೆಗೆ ಬಂದವರು ಕೂಡಲಿಕ್ಕೆಂದು ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಕೊಂಡ. ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹಳ್ಳದ ದಂಡೆಗೆ ಬಂದಾಗ ನೀರು ಕೆಂಪಗೆ ಓಡುತ್ತಿತ್ತು. ಜನ ಬೇಡವೆಂದರು. ಅಪ್ಪ, ಭೀಮಾ ನದಿ ಈಜಿದವ ನಾನು, ಈ ಗಟಾರಕ್ಕ ಅಂಜ್ತೀನೇನು ಎಂದು ಇಳಿದ. ನಡುವಿಗೆ ಹೋಗುವಷ್ಟರಲ್ಲಿ ಕಾಲು ತಪ್ಪಿತು. ಜಾಲಿಯ ಕೊಂಬೆಯೊಂದು ಸಿಕ್ಕಿದ್ದರಿಂದ ಜೀವ ಉಳಿಯಿತು. ಆ ಕೊಂಬೆಗೆ ಜೋತುಬಿದ್ದು ಅವನು ಕೂಗಿದ್ದು ನನ್ನನ್ನು ಹಿಡಿಯಿರಿ ಎಂದಲ್ಲ, ಕುರ್ಚಿ ಹಿಡಿಯಿರಿ ಎಂದು. ಕುರ್ಚಿ ಯಾರಿಗೂ ಸಿಗಲಿಲ್ಲ. ಅಂದಿನಿಂದ ಅದು ಜಟ್ಟೆಪ್ಪನ ಹಳ್ಳ. ಶಾಲೆಯಲ್ಲಿ ಹುಡುಗರು ನಾನು ಬೆಂಚಿನ ಮೇಲೆ ಕೂಡುವಾಗಲೆಲ್ಲ "ಖುರ್ಚೀ ಪಕಡಾ!" ಎಂದು ಕೂಗಿ ನಗುತ್ತಿದ್ದರು. ಅಪ್ಪನಿಗೆ ಇದರಿಂದ ಏನೂ ಬೇಸರವಿರಲಿಲ್ಲ. ಯಾರಾದರೂ ಹೊಸಬರು ಸಿಕ್ಕರೆ ಅವನೇ ಹೇಳಿ, ಅವನೇ ಮೊದಲು ನಗುತ್ತಿದ್ದ. ಬೇಸರವನ್ನೆಲ್ಲ ನಾನೇ ಗುತ್ತಿಗೆ ಹಿಡಿದಿದ್ದೆ.

ಈಗ ಆ ಹೆಸರು ಪುಣೆಯ ಪ್ರಮಾಣಿತ ನಕಾಶೆಗೆ ಏರಿ, ಆಫೀಸಿನಲ್ಲಿ ಯಾರೋ ಯಾರೀ ಜಟ್ಟೆಪ್ಪ ಎಂದು ಕೇಳಿ, ನಾನು ಆ ಕಥೆ ಹೇಳಬೇಕೇ? ಅವ್ವನಿಗೆ ಆಗುವುದಿಲ್ಲ ಎನ್ನುವ ಧೈರ್ಯವೂ ಇಲ್ಲ. ಅದಕ್ಕೇ ನಿಯಮದ ಹಿಂದೆ ಅಡಗಿದೆ.

"ನಾ ಏನೂ ಮಾಡೂಹಂಗಿಲ್ಲ, ಅವ್ವಾ. ಬ್ಯಾರೆಯವರು ಬಂದು ನಿಮ್ಮನ್ನ ಕೇಳ್ತಾರ. ನೀವು ಹೆಂಗಸರು ಏನು ಹೇಳ್ತೀರೋ ಅದ ಹೆಸರು."

ಅವ್ವ ಒಂದು ಗಳಿಗೆ ನನ್ನನ್ನು ನೋಡಿದಳು. "ನಾವು ಹೇಳಬೇಕೇನು?" ಎಂದಳು.

"ಹೌದು. ನೀವ ಹೇಳಬೇಕು."

ಅವಳು ಮತ್ತೇನೂ ಅನ್ನದೆ ರೊಟ್ಟಿ ಬಡಿಯತೊಡಗಿದಳು. ಆ ಸುಮ್ಮನಿರುವಿಕೆ ಏನೆಂದು ನನ್ನಂಥ ಜಾಣನಿಗೆ ಹೊಳೆಯಲಿಲ್ಲ.

ನಮ್ಮ ವಸ್ತಿಗೆ ಹೋದವನು ಅಶ್ವಿನ್. ಮಂಡ್ಯದ ಕಡೆಯ ಹುಡುಗ, ಕೆಲಸದಲ್ಲಿ ಚುರುಕು. ಅಲ್ಲಿ ಕನ್ನಡದವರೇ ಇದ್ದಾರೆಂದು ನೀತಾ ಮೇಡಂ ಅವನನ್ನು ಕಳಿಸಿದರು. ಅಲ್ಲಿರುವವರು ನನ್ನ ಬಳಗ ಎಂದಷ್ಟೇ ನಾನು ಆಫೀಸಿನಲ್ಲಿ ಹೇಳಿದ್ದೆ. ಯಾರು ಏನಾಗಬೇಕೆಂದು ಹೇಳಿರಲಿಲ್ಲ. ವಾರದ ನಡುವಿನ ದಿನ, ಬೆಳಗಿನ ಹೊತ್ತು. ಗಂಡಸರೆಲ್ಲ ಸೈಟಿಗೆ ಹೋಗಿದ್ದರು. ಹೆಂಗಸರು ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಅವ್ವನಿಗೆ ಒಣಮೆಣಸಿನಕಾಯಿ ಕೊಡಲು ಅಂದು ಶಿವಕಾಂತಾಳೂ ಅಲ್ಲಿಗೆ ಹೋಗಿದ್ದಳು. ನಾನು ನನ್ನ ನಿಯಮವನ್ನು ನಾನೇ ಪಾಲಿಸುತ್ತಿರುವ ಹೆಮ್ಮೆಯಲ್ಲಿ ಆಫೀಸಿನಲ್ಲಿ ಚಹಾ ಕುಡಿಯುತ್ತ ಕೂತೆ. ಒಳಗೊಳಗೆ, ಜಟ್ಟೆಪ್ಪನ ಹಳ್ಳ ಎಂದು ಅಶ್ವಿನ್ ಕೂಗಿಕೊಂಡು ಬಂದಾಗ ಮುಖ ಹೇಗೆ ಇಟ್ಟುಕೊಳ್ಳಬೇಕೆಂದು ಅಭ್ಯಾಸ ಮಾಡುತ್ತಿದ್ದೆ.

ಅಶ್ವಿನ್ ನಗುನಗುತ್ತಲೇ ಬಂದ. "ಸರ್, ಒಳ್ಳೇ ಕಾಮಿಡಿ ಆಯ್ತು. ಹೆಸ್ರು ಹೇಳಿ ಅಂದ್ರೆ ಎಲ್ರೂ ಸೆರಗು ಬಾಯಿಗೆ ಇಟ್ಕೊಂಡು ನಗ್ತಾರೆ. ಒಬ್ರು ಅಜ್ಜಿ ಅಂತೂ ಮುಖಾನೇ ತಿರುಗಿಸಿಬಿಟ್ರು. ತುಂಬಾ ಫೋರ್ಸ್ ಮಾಡಿದ್ಮೇಲೆ ಹೇಳಿದ್ರು. ನೇಮ್ ಸೂಪರ್ ಆಗಿದೆ ಸರ್, ಒಂಥರಾ ಫೋಕ್ ಟಚ್ ಇದೆ."

"ಏನಂದ್ರು?"

"ಮಾವನೋರ ಹಳ್ಳ."

ನನ್ನ ಚಹಾ ನೆತ್ತಿಗೇರಿತು.

ಅಷ್ಟು ವರ್ಷ ಆ ಹೆಂಗಸರ ಕೈಯಲ್ಲಿ ಉಂಡು ಬೆಳೆದವನಿಗೆ ಆಗ ತಿಳಿಯಿತು, ವಸ್ತಿಯ ಹೆಂಗಸರ ಬಾಯಲ್ಲಿ ಆ ಹಳ್ಳದ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲವೆಂದು. ಹಳ್ಳಕ್ಕ ಹೋಗಿ ಬರ್ತೀನಿ ಎನ್ನುತ್ತಿದ್ದರು, ಅಷ್ಟೇ. ಜಟ್ಟೆಪ್ಪನ ಹಳ್ಳ ಎನ್ನುತ್ತಿದ್ದವರು ಗಂಡಸರು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಮಾವನ ಹೆಸರು ಹೇಳುವುದಿಲ್ಲ, ಭಾವನ ಹೆಸರು ಹೇಳುವುದಿಲ್ಲ. ವಸ್ತಿಯ ಅಷ್ಟೂ ಹೆಂಗಸರು ಅಪ್ಪನಿಗೆ ಒಂದಲ್ಲ ಒಂದು ವರಸೆಯಲ್ಲಿ ಸೊಸೆ, ಇಲ್ಲವೇ ನಾದಿನಿ, ಇಲ್ಲವೇ ಹೆಂಡತಿ. ಪುಣೆಯ ಸುತ್ತ ಹುಡುಕಿದರೂ ಆ ಹೆಸರನ್ನು ಹೇಳಬಾರದ ಹೆಂಗಸರು ಅಷ್ಟು ಜನ ಒಂದೇ ಕಡೆ ಸಿಗುವುದಿಲ್ಲ. ಅಂಥವರನ್ನೇ ಕೇಳಬೇಕೆಂದು ಗಲ್ಲಕ್ಕೆ ಕೈ ಹಚ್ಚಿ ನಿಯಮ ಬರೆದವನು ನಾನು.

ಮನೆಗೆ ಹೋಗಿ ಶಿವಕಾಂತಾಳ ಮೇಲೆ ರೇಗಿದೆ.

"ಮಾವನೋರ ಹಳ್ಳ ಅಂದವಳು ನೀನೇನು?"

"ನಾನೂ ಅಂದೆ. ಮತ್ತೇನು ಅನ್ನಬೇಕಿತ್ತು? ಅತ್ತಿ ಬಾಜೂಕ ನಿಂತಿದ್ರು. ಸಾವಿತ್ರಿಬಾಯಿ ಅತ್ತಿ ಭಾವನೋರ ಹಳ್ಳ ಅಂದ್ರು. ಉಳದ ಸೊಸ್ತೇರೆಲ್ಲ ಮಾವನೋರ ಅಂದ್ರು."

ಸಾವಿತ್ರಿಬಾಯಿ ನನ್ನ ಚಿಕ್ಕಪ್ಪನ ಹೆಂಡತಿ. "ಅವ್ವ ಏನಂದಳು?" ಎಂದೆ.

"ಏನೂ ಅನ್ನಲಿಲ್ಲ. ಮುಖ ತಿರುವಿದ್ರು. ಆಮ್ಯಾಲ ಒಳಗ ಹೋಗಿ ಭಾಳ ಹೊತ್ತು ಹೊರಗ ಬರಲಿಲ್ಲ ನೋಡ್ರಿ."

ಕರಡು ನಕಾಶೆ ಬಂತು. ಹೆಚ್ಚು ಜನ ಹೇಳಿದ್ದೇ ಹೆಸರು ಎಂಬ ನನ್ನ ನಿಯಮದಂತೆ ಅದರಲ್ಲಿ ಮಾವನೋರ ಹಳ್ಳ ಎಂದು ನೀಲಿ ಅಕ್ಷರದಲ್ಲಿ ಅಚ್ಚಾಗಿತ್ತು. ತಕರಾರು ಇದ್ದವರು ಬಂದು ಹೇಳಬಹುದೆಂದು ಆ ಭಾಗದ ಒಂದು ಸಭಾಭವನದಲ್ಲಿ ಗೋಡೆಗೆ ತೂಗುಹಾಕಿದರು. ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಮಾಧಾನ. ಅಪ್ಪನ ಹೆಸರು ಬಂದಂತೆಯೂ ಆಯಿತು, ಬಾರದಂತೆಯೂ ಆಯಿತು. ಕುರ್ಚಿಯ ಕಥೆ ಯಾರಿಗೂ ಹೇಳಬೇಕಿಲ್ಲ. ಈ ಸಮಾಧಾನವನ್ನು ಅವ್ವನಿಗೂ ಹಂಚಲು ಹೋದೆ.

"ಮಾವನೋರ ಅಂದ್ರ ಅಪ್ಪನ ಆದಂಗ ಅಲ್ಲೇನು, ಅವ್ವಾ? ಎಲ್ಲಾರಿಗೂ ತಿಳೀತದ."

"ಯಾರಿಗಿ ತಿಳೀತದ?" ಅವ್ವನ ಕಣ್ಣು ಕೆಂಪಗಿದ್ದವು. "ನನ್ನ ಮಾವ ಅಂದ್ರ ನಿಮ್ಮ ಮುತ್ಯಾ. ಆ ಮನಷ್ಯಾ ಸೋಲಾಪುರ ದಾಟಿ ಈಕಡಿ ಬಂದವನಲ್ಲ. ಒಂದು ಕೊಡ ನೀರು ಎತ್ತಿಕೊಟ್ಟವನಲ್ಲ. ಅವನ ಹಳ್ಳ ಹ್ಯಾಂಗಾತದು? ನಾ ಸತ್ತ ಮ್ಯಾಲ ಇದನ್ನ ನೋಡಿದವರು ಯಾರ ಮಾವ ಅಂತ ತಿಳಕೋತಾರ, ಹೇಳು."

ಅವ್ವ ಒಂಟಿಯಾಗಿ ಹಾಸಿಗೆಯ ಅಂಚಿಗೆ ಕೂತದ್ದು ನೋಡಿ, ನನ್ನ ನಿಯಮ, ನನ್ನ ಮರ್ಯಾದೆ ಎರಡೂ ನನಗೆ ಅಸಹ್ಯವೆನಿಸಿದವು. ನಾನೇ ಮೇಡಂಗೆ ಹೇಳುತ್ತೇನೆ ಎಂದೆ. ಮರುದಿನ ಹೇಳಿಯೂ ಹೇಳಿದೆ. ನೀತಾ ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮನೋಹರ, ನೌಕರರು ತಮ್ಮ ಬಳಗದ ಪರ ಸಾಕ್ಷಿ ಹೇಳಬಾರದೆಂದು ಬರೆದವರು ಯಾರು?"

ಇಂಗು ತಿಂದ ಮಂಗನಂತೆ ಹೊರಬಂದೆ.

ತಕರಾರು ಕೇಳುವ ದಿನ ಬಂತು. ಸಾಕ್ಷಿ ಹೇಳಲು ನಾನು ಅನರ್ಹ, ಬಂದವರು ಹೇಳಿದ್ದನ್ನು ಕಂಪ್ಯೂಟರಿಗೆ ಬರೆದುಕೊಳ್ಳಲು ಮಾತ್ರ ಅರ್ಹ. ಹಾಗಾಗಿ ನೀತಾ ಮೇಡಂ ಪಕ್ಕದ ಮೇಜಿಗೆ ಕೂತಿದ್ದೆ. ಮೊದಲು ಒಂದು ಸೊಸೈಟಿಯವರು ಬಂದು, ತಮ್ಮ ಕಾಂಪೌಂಡಿನ ಹಿಂದಿನದ್ದು ಜೌಗಲ್ಲ, ಅದನ್ನು ತೆಗೆಯಿರಿ ಎಂದು ಜಗಳಾಡಿದರು. ಅವರ ಹಿಂದೆ ಬಾಗಿಲಲ್ಲಿ ಅವ್ವ ಕಾಣಿಸಿದಳು. ಮದುವೆಮನೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ಜೊತೆಗೆ ಸಾವಿತ್ರಿಬಾಯಿ ಮತ್ತು ಶಿವಕಾಂತಾ. ಬರುವುದಾಗಿ ನನಗೆ ಯಾರೂ ಹೇಳಿರಲಿಲ್ಲ. ಅವ್ವ ನನ್ನ ಕಡೆ ನೋಡಲೂ ಇಲ್ಲ, ನೇರ ಮೇಡಂ ಮುಂದೆ ಬಂದು ನಿಂತಳು.

"ಆ ಹೆಸರು ತಪ್ಪು ಅದ ರೀ, ಬಾಯೀ," ಎಂದು ತನ್ನ ಮುರುಕು ಮರಾಠಿಯಲ್ಲಿ ಹೇಳಿದಳು. "ಅದು ಮಾವನ ಹಳ್ಳ ಅಲ್ಲ. ನಮ್ಮ ಮನೀಯವರದು."

"ಆ ಹಳ್ಳದಲ್ಲಿ ಅವರು ಏನು ಮಾಡಿದರು, ಆಜಿ?"

ನಾನು ಕಣ್ಣು ಮುಚ್ಚಿಕೊಂಡೆ. ಬಂತು ಕುರ್ಚಿ ಎಂದುಕೊಂಡೆ. ಅವ್ವ ಕುರ್ಚಿಯನ್ನು ಒಂದೇ ಮಾತಿನಲ್ಲಿ ಮುಗಿಸಿದಳು.

"ಮೊದಲ ವರ್ಷ ತಾವ ಬಿದ್ರು. ಬಿದ್ದು ಎದ್ದ ಮ್ಯಾಲ ಇನ್ನೊಬ್ಬರು ಬೀಳಬಾರದು ಅಂತ ಅವರಿಗಿ ಹತ್ತಿಬಿಡ್ತು. ಅಲ್ಲಿ ಆವಾಗ ದಾಟಲಿಕ್ಕ ಪೂಲು ಇದ್ದಿದ್ದಿಲ್ಲ. ಮಳಿ ಬಂತಂದ್ರ ಕೆಲಸಾ ಬಿಟ್ಟು ಹಗ್ಗಾ ತಗೊಂಡು ದಂಡೀ ಮ್ಯಾಲ ನಿಂದರೂರು. ದಾಟವರು ಅವರನ್ನ ಕೇಳಿ ಇಳಿಯೂರು. ಈಗ ಮೊಳಕಾಲಮಟ ಅದ, ಹೋಗ್ರಿ ಅನ್ನೂರು, ಈಗ ಬ್ಯಾಡ ಅನ್ನೂರು."

"ಅವರಿಗೆ ಅಷ್ಟು ಸರಿಯಾಗಿ ತಿಳಿಯುತ್ತಿತ್ತೇ?"

"ಎಲ್ಲೀದು, ಬಾಯೀ! ಅರ್ಧಾ ಸಲ ತಪ್ಪ ಹೇಳತಿದ್ರು. ತಪ್ಪಿದಾಗ ನೀರಾಗ ಬಿದ್ದವರ ಕಡಿ ಹಗ್ಗಾ ಒಗೀತಿದ್ರು." ಅವ್ವ ನಕ್ಕಳು. "ಅದಕ್ಕ ಮಂದಿ ಅವರ ಹೆಸರು ಇಟ್ರು. ಬಿದ್ದಿದ್ದಕ್ಕಲ್ಲ. ಬೀಳೂರು ಭಾಳ ಮಂದಿ ಇದ್ರು."

ಆ ಹಗ್ಗ ನನಗೆ ನೆನಪಿತ್ತು. ಮಳೆಗಾಲದಲ್ಲಿ ಬಾಗಿಲ ಹಿಂದೆ ಹಸಿಯಾಗಿ ನೇತಾಡುತ್ತಿತ್ತು, ಮನೆಯೆಲ್ಲ ವಾಸನೆ. ಅದನ್ನು ಹೊರಗೆ ಎಸೆಯಬಾರದೇ ಎಂದು ನಾನು ಎಷ್ಟೋ ಸಲ ಗೊಣಗಿದ್ದೆ. ಅದು ಏಕೆ ಹಸಿಯಾಗುತ್ತದೆ ಎಂದು ಕೇಳುವ ಪುರಸೊತ್ತು ಕುರ್ಚಿಗೆ ನಾಚಿಕೊಂಡು ಕೂತವನಿಗೆ ಎಲ್ಲಿಂದ ಬರಬೇಕು?

"ಸರಿ, ಆಜಿ," ಎಂದರು ಮೇಡಂ. "ಹಾಗಾದರೆ ಹೆಸರು ಹೇಳಿ. ಬರೆದುಕೊಳ್ಳೋಣ."

ಅವ್ವ ಸುಮ್ಮನಾದಳು. ಸಾವಿತ್ರಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಶಿವಕಾಂತಾ ನೆಲ ನೋಡಿದಳು. ಅಶ್ವಿನ್ ಹಿಂದೆ ನಿಂತು, "ಆವತ್ತೂ ಹಿಂಗೇ ಆಯ್ತು ಸರ್," ಎಂದು ಪಿಸುಗುಟ್ಟಿದ. ಮೇಡಂಗೆ ಮಾತ್ರ ಕೂಡಲೇ ತಿಳಿಯಿತು. ಮರಾಠಿ ಮನೆಗಳಲ್ಲೂ ಇದೇ ರೂಢಿ. ಹೆಂಗಸರು ಗಂಡನ ಹೆಸರು ಹೇಳಲೇಬೇಕಾದಾಗ ಅದನ್ನು ಪದ್ಯದಂತೆ ಹೆಣೆದು ಹೇಳುತ್ತಾರೆ. ಅವರದು ಉಖಾಣಾ, ನಮ್ಮದು ಒಡಪು.

"ಅಷ್ಟೇನಾ? ಒಂದು ಉಖಾಣಾ ಹೇಳಿ, ಆಜಿ, ಅದರಲ್ಲಿ..." ಎಂದು ನಗುತ್ತ ಶುರುಮಾಡಿದ ಮೇಡಂ ಅವ್ವನ ಬರಿದಾದ ಕೊರಳು ನೋಡಿ ಅರ್ಧಕ್ಕೇ ನಿಲ್ಲಿಸಿದರು. ಗಂಡ ಸತ್ತವಳಿಗೆ ಯಾರೂ ಒಡಪು ಹೇಳೆನ್ನುವುದಿಲ್ಲ. ನಾನು ಎದ್ದು ನಿಂತು ಬಾಯಿ ತೆರೆದೆ. ಮೇಡಂ ಕೈಯೆತ್ತಿ ನನ್ನನ್ನು ಕೂರಿಸಿದರು.

"ಇಲ್ರಿ," ಎಂದಳು ಅವ್ವ. "ಒಡಪು ಆಟದಾಗಿಂದು. ಇದು ನಕಾಶಿ."

ಸೆರಗು ಸರಿಮಾಡಿಕೊಂಡಳು. ಮೇಡಂ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ಆ ನೀಲಿ ಗೆರೆಯನ್ನು ನೋಡಿದಳು.

"ಜಟ್ಟೆಪ್ಪ," ಎಂದಳು. "ಜಟ್ಟೆಪ್ಪನ ಹಳ್ಳ."

ಆ ಹೆಸರನ್ನು ನಾನು ಶಾಲೆಯ ಅರ್ಜಿಯಿಂದ ಹಿಡಿದು ಬ್ಯಾಂಕಿನ ಅರ್ಜಿಯವರೆಗೆ ಬರೆದಿದ್ದೇನೆ. ಸೈಟಿನ ಮುಕಾದಮ ಅದನ್ನು ಬೈಗುಳದ ಜೊತೆ ಕೂಗಿದ್ದು ಕೇಳಿದ್ದೇನೆ, ಆಸ್ಪತ್ರೆಯ ನರ್ಸು ಕಾಗದ ನೋಡಿ ಓದಿದ್ದು ಕೇಳಿದ್ದೇನೆ. ಅವ್ವನ ಬಾಯಲ್ಲಿ ಕೇಳಿರಲಿಲ್ಲ. ಪಕ್ಕದ ಕೋಣೆಯಲ್ಲಿರುವವನನ್ನು ಊಟಕ್ಕೆ ಕರೆದಷ್ಟು ಮೆತ್ತಗೆ ಅವಳು ಅದನ್ನು ಹೇಳಿದ್ದಳು. ನನ್ನ ಬೆರಳು ಕೀಲಿಮಣೆಯ ಮೇಲೆ ಅಲ್ಲಾಡಲಿಲ್ಲ. ಕಣ್ಣು ತುಂಬಿ ತೆರೆಯ ಮೇಲಿನ ಗೆರೆಗಳೆಲ್ಲ ಕಲಸಿಹೋದವು.

"ಬರೆದಿರಾ?" ಎಂದರು ಮೇಡಂ.

ನಾನು ಇದ್ದಷ್ಟು ಅಧಿಕಾರವನ್ನೆಲ್ಲ ದನಿಗೆ ತಂದುಕೊಂಡೆ.

"ಸರಿಯಾಗಿ ಕೇಳಿಸಲಿಲ್ರಿ. ಇನ್ನೊಮ್ಮೆ ಹೇಳ್ರಿ."

"ಕ್ಲಿಯರ್ ಆಗೇ ಹೇಳಿದ್ರಲ್ಲ ಸರ್," ಎಂದ ಅಶ್ವಿನ್.

ಅವ್ವ ತಿರುಗಿ ನನ್ನ ಮುಖ ನೋಡಿದಳು. ಎಲ್ಲರ ಮುಂದೆ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಮೊದಲಿಗಿಂತ ನಿಧಾನವಾಗಿ ಇನ್ನೊಮ್ಮೆ ಹೇಳಿದಳು.